ಒಂದೇ ಆಟವೋ, ಹಲವು ಆಟಗಳೋ?

ವರ್ಷವಿಡೀ ಒಂದೇ ಆಟ ಆಡಿದವರು ಮಾತ್ರ ದೊಡ್ಡ ಆಟಗಾರರಾಗುತ್ತಾರೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇತಿಹಾಸ ಏನು ಹೇಳುತ್ತದೆ, ನೋಡೋಣ.

1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ನಮ್ಮ ಮೈಸೂರು ತಂಡದ ವಿರುದ್ಧ ರಣಜಿ ಟ್ರೋಫಿಯ ಮೊಟ್ಟಮೊದಲ ಚೆಂಡನ್ನು ಎಸೆದವರು ಎಂ.ಜೆ. ಗೋಪಾಲನ್. ಕ್ರಿಕೆಟ್, ಹಾಕಿ ಎರಡರಲ್ಲೂ ಭಾರತವನ್ನು ಪ್ರತಿನಿಧಿಸಿದವರು ಅವರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಹಾಕಿಯೋ, ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸವೋ ಎಂಬ ಪ್ರಶ್ನೆ ಎದುರಾಯಿತು. ಗೋಪಾಲನ್ ಕ್ರಿಕೆಟ್ ಆರಿಸಿದರು. ಹಾಕಿ ತಂಡ ಫೈನಲ್‌ನಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಇಂಗ್ಲೆಂಡಿನಲ್ಲಿ ಅವರಿಗೆ ಒಂದು ಟೆಸ್ಟ್ ಆಡುವ ಅವಕಾಶವೂ ಸಿಗಲಿಲ್ಲ.

ಅದೇ ಪ್ರವಾಸದಲ್ಲಿ ಸಿ. ರಾಮಸ್ವಾಮಿಯವರೂ ಇದ್ದರು. 1922ರಲ್ಲಿ ಡೇವಿಸ್ ಕಪ್ ಟೆನಿಸ್ ಆಡಿದ್ದ ಅವರು 40ನೆಯ ವಯಸ್ಸಿನಲ್ಲಿ ಮ್ಯಾಂಚೆಸ್ಟರಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿ 40 ಮತ್ತು 60 ರನ್ ಗಳಿಸಿದರು. ಟೆನಿಸ್ ಅವರ ಕ್ರಿಕೆಟ್ಟಿಗೆ ಅಡ್ಡಿಯಾಗಲಿಲ್ಲ.

ಇಂದು ಪೈಪೋಟಿ ಹೆಚ್ಚು. ಒಂದು ದಿನ ಒಂದನ್ನು ಆರಿಸಲೇಬೇಕು, ನಿಜ. ಆದರೆ ಗೋಪಾಲನ್‌ರಿಗೆ ಆ ದಿನ ಬಂದದ್ದು ಎರಡೂ ಆಟಗಳಲ್ಲಿ ಪಳಗಿದ ಮೇಲೆ, ಶಾಲೆಯ ದಿನಗಳಲ್ಲಲ್ಲ. ಬೆಳೆಯುವ ದೇಹದ ಅದೇ ಕೀಲು, ಅದೇ ಸ್ನಾಯುವಿನ ಮೇಲೆ ವರ್ಷವಿಡೀ ಭಾರ ಬಿದ್ದರೆ ಅದು ನೋವಿಗೆ ದಾರಿ. ಪಾಲಕರೇ, ಆಯ್ಕೆಗೆ ಮುನ್ನ ಮಕ್ಕಳಿಗೆ ಆಡುವ ಕಾಲ ಕೊಡಿ. ವಿದ್ಯಾರ್ಥಿಗಳೇ, ಈಗ ಎಲ್ಲವನ್ನೂ ಆಡಿ ನೋಡಿ!