ವಸ್ತಿಗೆ ಬಂದವರ ಹಾಸಿಗೆ

ನಮ್ಮ ಬಾಗಲಕೋಟೆ ಕಡೆ ‘ವಸ್ತಿ’ ಅಂದ್ರೆ ರಾತ್ರಿ ಉಳಿದುಕೊಳ್ಳೋದು. ರಾತ್ರಿ ಹಳ್ಳಿಗೆ ಬಂದು, ಅಲ್ಲೇ ನಿಂತು, ಬೆಳಿಗ್ಗೆ ಹೊರಡೋ ಬಸ್ಸಿಗೆ ವಸ್ತಿ ಬಸ್ ಅಂತಾರೆ. ಮನೆಗೆ ಬಂದ ಬೀಗರಿಗೆ “ಇವತ್ತ ವಸ್ತಿ ಇರ್ರಿ, ನಾಳೆ ಮುಂಜಾನೆ ಹೋಗೀರಂತ” ಅನ್ನೋದು ಬರೀ ಉಪಚಾರದ ಮಾತಲ್ಲ. ಹಾಗೆ ಅನ್ನೋ ಮನೆಯಲ್ಲಿ ಮನೆಮಂದಿಗೆ ಬೇಕಾಗಿ ಮಿಕ್ಕಷ್ಟು ಹಾಸಿಗೆ ಇರಬೇಕು!

ಬೆಂಗಳೂರಲ್ಲಿ ನನ್ನಂಥ ಸಾಫ್ಟ್‌ವೇರ್ ಮಂದಿ ಇದಕ್ಕೆ ಏರ್ ಬೆಡ್ ತಂದಿಟ್ಟುಕೊಂಡಿದ್ದೇವೆ. ರಾತ್ರಿ ಪಂಪ್ ಹೊಡೆದರೆ ಹಾಸಿಗೆ, ಬೆಳಿಗ್ಗೆ ಗಾಳಿ ಬಿಟ್ಟರೆ ಒಂದು ಚೀಲ. ಇದೇನೋ ಹೊಸ ಉಪಾಯ ಅಂತ ಅನ್ನಿಸುತ್ತೆ, ಅಲ್ವಾ? ಆದ್ರೆ ಹಗಲು ಮಾಯವಾಗೋ ಹಾಸಿಗೆ ನಮ್ಮ ಕಡೆ ಬಹಳ ಹಳೇದು. ಅದರ ಹೆಸರು ಕೌದಿ.

ಸ್ವಲ್ಪ ಇತಿಹಾಸ ಹೇಳ್ತೀನಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈಗ ಒಂದೇ ಜಿಲ್ಲೆ. ಮೊದಲು ಹಾಗಿರಲಿಲ್ಲ. ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿದ್ದು. ಇನ್ನೂ ಮಜಾ ಅಂದ್ರೆ ಜೋಡಿ ಊರುಗಳಾದ ರಬಕವಿ, ಬನಹಟ್ಟಿಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ! 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು, 1956ರಲ್ಲಿ ಇದೆಲ್ಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯ್ತು. ರಾಜರು ಬೇರೆ ಬೇರೆ ಇದ್ದರೂ ಕೊಡೋದು-ತರೋದು ಮಾತ್ರ ಗಡಿ ನೋಡಲಿಲ್ಲ. ಚಕ್ಕಡಿ ಕಟ್ಟಿಕೊಂಡು ಬಂದ ಬೀಗರು ಅದೇ ದಿನ ವಾಪಸ್ ಹೋಗೋದು ಎಲ್ಲಿ ಸಾಧ್ಯ? ವಸ್ತಿ ಇರಲೇಬೇಕು.

ಅವರಿಗೆ ಹಾಸುತ್ತಿದ್ದದ್ದು ಏನು? ಕೆಳಗೆ ಚಾಪೆ ಇಲ್ಲಾ ಜಮಖಾನೆ. (ಜಮಖಂಡಿಗೂ ಜಮಖಾನೆಗೂ ಸಂಬಂಧ ಇಲ್ಲ, ಜಮಖಾನೆಗೆ ಹೆಸರಾದದ್ದು ಧಾರವಾಡ ಜಿಲ್ಲೆಯ ನವಲಗುಂದ.) ಅದರ ಮೇಲೆ ಕೌದಿ, ಹೊದೆಯೋಕೆ ಕಂಬಳಿ ಅಥವಾ ಇನ್ನೊಂದು ಕೌದಿ. ಉಳ್ಳವರ ಮನೆಯಲ್ಲಿ ಹತ್ತಿಯ ಗಾದಿ. ಗಾದಿಯ ಹತ್ತಿ ಗಟ್ಟಿಯಾದರೆ ಪಿಂಜಾರರು ಬಂದು ಬಿಲ್ಲಿನಿಂದ ಹಿಂಜಿ, ಹಗುರ ಮಾಡಿ ಮತ್ತೆ ತುಂಬಿ ಕೊಡ್ತಿದ್ರು.

ಕೌದಿಯ ಲೆಕ್ಕಾಚಾರ ನನಗೆ ಬಹಳ ಇಷ್ಟ. ಕರಿ ಭೂಮಿಯಲ್ಲಿ ಹತ್ತಿ ಬೆಳೀತದೆ. ರಬಕವಿ-ಬನಹಟ್ಟಿ ನೇಕಾರರ ಊರು, ಮೊದಲು ಕೈಮಗ್ಗ, ಆಮೇಲೆ ವಿದ್ಯುತ್ ಮಗ್ಗ. ಅಲ್ಲಿ ನೇಯ್ದ ನೂಲಿನ ಸೀರೆಯನ್ನು ಅವ್ವ ವರ್ಷಗಟ್ಟಲೆ ಉಡ್ತಾಳೆ. ಹರಿದ ಮೇಲೆ ಅದು ಕೌದಿಯ ಪದರ ಆಗ್ತದೆ. ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ದಾರ ಓಡಿಸ್ತಾರೆ. ಊರೂರು ತಿರುಗಿ ಕೌದಿ ಹೊಲಿದು ಹೊಟ್ಟೆ ಹೊರೆಯೋ ಹೆಂಗಸರೂ ಇದ್ದಾರೆ. ಹರಿದರೆ ಇನ್ನೊಂದು ತೇಪೆ, ಅಷ್ಟೇ. ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ ಈ ಸರಪಳಿ ಸಡಿಲವಾಯ್ತು. ಆ ಬಟ್ಟೆ ಬೆವರು ಹೀರಲ್ಲ, ತೊಳೆದಂತೆಲ್ಲ ನೂಲಿನ ಹಾಗೆ ಮೆತ್ತಗೂ ಆಗಲ್ಲ.

ಇನ್ನು ಏರ್ ಬೆಡ್. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡೋ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಗಾಳಿ ತುಂಬೋ ಸಾಮಾನು ಬಾಳಿಕೆ ಬರೋಕೆ ಶುರುವಾದದ್ದು ಅಲ್ಲಿಂದ. ಈಗಿನವು ಹೆಚ್ಚಾಗಿ ಪಿವಿಸಿ. ರಾತ್ರಿ ಮಲಗಿದವರು ಬೆಳಿಗ್ಗೆ ನೆಲ ಮುಟ್ಟೋಕೆ ಪ್ರತಿಸಲ ತೂತೇ ಕಾರಣ ಅಲ್ಲ. ಪಿವಿಸಿ ಭಾರಕ್ಕೆ ಹಿಗ್ಗುತ್ತೆ. ಸಂಜೆ 35 ಡಿಗ್ರಿ ಇದ್ದದ್ದು ಬೆಳಗಿನ ಜಾವ 22ಕ್ಕೆ ಇಳಿದರೆ ಒಳಗಿನ ಗಾಳಿಯೂ ಸುಮಾರು ಶೇ. 4ರಷ್ಟು ಕುಗ್ಗುತ್ತೆ. ಒಳಗೆ ಗಾಳಿ ಓಡಾಡೋದರಿಂದ ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತೆ, ಬೆನ್ನಿಗೆ ಚಳಿ. ಕೌದಿಯಲ್ಲೂ ಬೆಚ್ಚಗಿಡೋದು ಗಾಳಿನೇ ಕಣ್ರೀ! ಆದ್ರೆ ಅದು ಪದರಗಳ ನಡುವೆ ಸಿಕ್ಕಿಬಿದ್ದು ಅಲ್ಲಾಡದೆ ಕೂತಿರುತ್ತೆ. ಹಾಗಾಗಿ ಏರ್ ಬೆಡ್ ಮೇಲೆ ಒಂದು ಕೌದಿ ಹಾಸಿ ನೋಡಿ, ನೆಂಟರಿಗೆ ಒಳ್ಳೆ ನಿದ್ದೆ ಬರುತ್ತೆ.

ಇಷ್ಟೇ ಆಗಿದ್ರೆ ಇದು ಬರೀ ಹಾಸಿಗೆಯ ಕಥೆ ಆಗ್ತಿತ್ತು. ಆದ್ರೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ ಭಾಗದ ಹಳ್ಳಿಗಳ ಮನೆಗಳಿಗೆ ನೀರು ನುಗ್ಗಿತು. ನೀರು ಕುಡಿದ ಕೌದಿ ಎತ್ತೋಕೆ ಬರಲ್ಲ, ಮಳೆಗಾಲದಲ್ಲಿ ಒಣಗಲ್ಲ. ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಅದಕ್ಕೂ ಮೊದಲೇ ಆಲಮಟ್ಟಿ ಹಿನ್ನೀರಿಗೆ ಜಾಗ ಬಿಟ್ಟಿದ್ದವು. ಈಗಿನ 519.6 ಮೀಟರನ್ನು 524.256ಕ್ಕೆ ಏರಿಸಿದರೆ ಇನ್ನಷ್ಟು ಮನೆಗಳು ಹೋಗ್ತವೆ.

ಮನೆ ಕಳಕೊಂಡವರಿಗೆ ತಲೆ ಲೆಕ್ಕದಲ್ಲಿ ಹಾಸಿಗೆ ಕೊಡಬಹುದು. ಆದ್ರೆ ಮೂಲೆಯಲ್ಲಿ ಪೇರಿಸಿಟ್ಟ ಆ ಹೆಚ್ಚಿನ ನಾಲ್ಕು ಕೌದಿಗಳಿಗೆ ಪರಿಹಾರ ಯಾವ ಖಾನೆಯಲ್ಲಿ ಬರುತ್ತೆ? ಅವು ತಮಗಾಗಿ ಇಟ್ಟುಕೊಂಡದ್ದಲ್ಲ, ಬರೋ ನೆಂಟರಿಗಾಗಿ ಇಟ್ಟದ್ದು. ಅವು ಹೋದ ಮನೆಯಲ್ಲಿ “ವಸ್ತಿ ಇರ್ರಿ” ಅನ್ನೋ ಮಾತು ಗಂಟಲಲ್ಲೇ ನಿಲ್ಲುತ್ತೆ. ನನ್ನ ಪ್ರಕಾರ ಬಡತನ ಅಂದ್ರೆ ಅದೇ.

ನಿಮ್ಮ ಕಡೆ ಕೌದಿಗೆ ಏನಂತಾರೆ? ವಸ್ತಿಗೆ ಬಂದವರಿಗೆ ಏನು ಹಾಸ್ತಿದ್ರು? ಗೊತ್ತಿದ್ದವರು ಬರೀರಿ.