ಮಾಳಿಗೆಯ ಮಣ್ಣು: ಬಾಗಲಕೋಟೆ ಸೀಮೆಯ ಹಳೆಯ ಮನೆಗಳ ರಕ್ಷಣೆಯನ್ನು ಕುರಿತು

ಬಾದಾಮಿ, ಹುನಗುಂದ ಪ್ರದೇಶಗಳ ವಾಸ್ತುವನ್ನು ಕುರಿತು ಬರೆದವರಲ್ಲಿ ಹೆಚ್ಚಿನವರ ಲಕ್ಷ್ಯ ಚಾಲುಕ್ಯರ ಗುಡಿಗಳ ಮೇಲೆಯೇ ನೆಟ್ಟಿದೆ. ಆ ಗುಡಿಗಳ ಮಗ್ಗುಲಲ್ಲಿ ನಿಂತ ಮಾಳಿಗೆಮನೆಗಳು ಇತಿಹಾಸದ ಆಕರಗಳೆಂದು ಪರಿಗಣಿತವಾದುದು ವಿರಳ. ಇಂತಹ ಮನೆಯ ಯಾವ ಅಂಗವನ್ನು ಮೊದಲು ಉಳಿಸಬೇಕೆಂದು ಕೇಳಿದರೆ, ಕೆತ್ತನೆಯ ಬಾಗಿಲು, ಕಂಬ, ಬೋದಿಗೆ ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಉಳಿಯಬೇಕಾದುದು ಮಾಳಿಗೆಯ ಮಣ್ಣು.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಬೇಸಗೆಯ ತಾಪವಾದರೋ 40 ಡಿಗ್ರಿಯನ್ನು ಮುಟ್ಟುತ್ತದೆ. ಕಲ್ಲು ಊರಿಂದೂರಿಗೆ ಬೇರೆ: ಬಾದಾಮಿಯಲ್ಲಿ ಮರಳುಗಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು. ಮಾಳಿಗೆಯ ಕ್ರಮ ಮಾತ್ರ ಬಹುಮಟ್ಟಿಗೆ ಒಂದೇ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪನಾದ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಬೆಳೆಗೆ ಒಗ್ಗದೆಂದು ರೈತನು ಹಳಿಯುವ ಈ ಮಣ್ಣೇ ಮಾಳಿಗೆಗೆ ಲೇಸು. ಅದರ ಸೋಡಿಯಂ ಅಂಶದ ದೆಸೆಯಿಂದ, ನೀರು ತಗುಲಿದೊಡನೆ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ; ಹುಲ್ಲು ಸಹ ಅದರಲ್ಲಿ ಸುಲಭವಾಗಿ ಬೇರೂರದು. ಮುಂಗಾರಿಗೆ ಮೊದಲು ಹೊಸ ಸವಳನ್ನು ಹರವಿ ಬಡಿಯುವುದು, ಇಳಿಜಾರನ್ನು ಸರಿಪಡಿಸುವುದು, ಮಳೆನೀರು ಹೊರಬೀಳುವ ದೋಣಿಯ ಕಸ ತೆಗೆಯುವುದು ಮನೆಯವರ ನಿಯತ ಕಾರ್ಯಗಳಾಗಿದ್ದವು. ಇವು ತಪ್ಪಿದರೆ ಗೋಡೆಯೊಳಗೆ ಹುದುಗಿದ ಜಂತಿಯ ತುದಿ ಮೊದಲು ಕೊಳೆಯತೊಡಗುತ್ತದೆ. ಕೆತ್ತನೆಯ ಬೋದಿಗೆಯ ಸರದಿ ಬರುವುದು ಆಮೇಲೆ.

ಸೋರುವ ಮಾಳಿಗೆಗೆ ಸಿಮೆಂಟಿನ ಗಾರೆ ಹೊದಿಸುವ ಪರಿಹಾರ ಸುಲಭವೆಂದು ತೋರುತ್ತದೆ. ಆದರೆ ಬಿಸಿಲಿಗೆ ಹಿಗ್ಗಿ ಕುಗ್ಗುವ ಗಾರೆ ಬಿರುಕು ಬಿಡುತ್ತದೆ. ಬಿರುಕಿನಿಂದಿಳಿದ ನೀರು ಮೇಲಕ್ಕೆ ಆರಲಾರದೆ ಮರವನ್ನೇ ಸೇರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದಾಗಲೂ ಇದೇ ಪಾಡು. ಬೆಳಕಿಂಡಿಯನ್ನು ಮುಚ್ಚಿಬಿಟ್ಟರಂತೂ ಪಡಸಾಲೆಯ ಬೆಳಕಿನೊಡನೆ ಒಳಗಿನ ಬಿಸಿಗಾಳಿ ಹೊರಹೋಗುವ ದಾರಿಯೂ ಅಡಗುತ್ತದೆ.

ಈ ಎಚ್ಚರ ಹೊಸತಲ್ಲ. ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದುದೇ ಅದರಲ್ಲಿ ವಾಸವಾಗಿದ್ದವನಿಂದ. ಹಿಂದೆ ಕ್ರಿ.ಶ. 5ನೆಯ ಶತಮಾನದ್ದೆಂದು ಭಾವಿಸಲಾಗಿದ್ದ ಈ ಕಟ್ಟಡವನ್ನು ಅನಂತರದ ವಿದ್ವಾಂಸರು 7-8ನೆಯ ಶತಮಾನಗಳಿಗೆ ಸೇರಿಸುತ್ತಾರೆ. ಅದರ ಇಳಿಜಾರು ಚಾವಣಿಯಲ್ಲಿ ಚಪ್ಪಡಿಗಳ ಸಂದಿನ ಮೇಲೆ ಮರದ ದಿಮ್ಮಿಯನ್ನು ಹೋಲುವ ಉದ್ದನೆಯ ಕಲ್ಲುಪಟ್ಟಿಗಳಿವೆ. ನಾವು ಇವನ್ನು ಅಲಂಕಾರವೆಂದು ಎಣಿಸುವುದಿಲ್ಲ. ಮರಗೆಲಸದವನ ಉಪಾಯವನ್ನು ಕಲ್ಲುಕುಟಿಗನು ಮಳೆಗಾಗಿಯೇ ಉಳಿಸಿಕೊಂಡನು.

ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಸ್ಥಿತಿ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಅದರ ತಗ್ಗಿನ ಭಾಗಗಳು ಮುಳುಗಿ, ಜನರು ನವನಗರಕ್ಕೆ ತೆರಳಬೇಕಾಯಿತು. ಹೀಗೆ ಊರು ಬಿಡುವಾಗ ಬಾಗಿಲು ಕಂಬಗಳನ್ನು ಕಳಚಿ ಒಯ್ಯಬಹುದು, ಮಾಳಿಗೆಯನ್ನು ಒಯ್ಯಲಾಗದು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರನ ಮನೆಯೊಂದನ್ನು ಕಾಣಬಹುದು. ಇದು ಶ್ಲಾಘ್ಯವೇ. ಆದರೂ ಆ ಕರಾವಳಿಯ ಮಳೆ ಇಳಕಲ್ಲಿನ ಮಳೆಯ ಇಮ್ಮಡಿಗೂ ಹೆಚ್ಚು. ಮನೆಯ ಆಕಾರವನ್ನು ಅಲ್ಲಿ ನೋಡಬಹುದೇ ಹೊರತು ಅದನ್ನು ರೂಪಿಸಿದ ಹವೆಯನ್ನಲ್ಲ.

ಆದುದರಿಂದ ಮಾಳಿಗೆ ಹರವಬಲ್ಲ ಹಿರಿಯರು ಇರುವಾಗಲೇ, ಯಾವ ಊರಿನವರು ಯಾವ ಹೊಲದ ಸವಳನ್ನು ತರುತ್ತಿದ್ದರು, ಎಷ್ಟು ದಪ್ಪ ಹರವುತ್ತಿದ್ದರು, ಯಾವ ಮರದ ಜಂತಿಯನ್ನು ಆರಿಸುತ್ತಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಬರೆದುಕೊಳ್ಳುವುದು ಅವಶ್ಯ. ಹುನಗುಂದ ಭಾಗದ ಹಳ್ಳಿಗಳಿಂದ ಈ ಕೆಲಸವನ್ನು ಆರಂಭಿಸಬಹುದು.