‘ಜನ’ ಎಂಬ ಪದದೊಳಗೆ ಹೆಣ್ಣು: ಮಾರ್ಗರೆಟ್ ಕಸಿನ್ಸ್ ಮತ್ತು ಭಾರತದ ಮಹಿಳಾ ಮತಾಧಿಕಾರ

1926ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸ್ ಶಾಸನಸಭೆಗೆ ಮಂಗಳೂರಿನಿಂದ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತದ್ದು ಕರಾವಳಿಯ ರಾಜಕೀಯ ಚರಿತ್ರೆಯ ಪ್ರಸಿದ್ಧ ಘಟನೆ. ಅವರನ್ನು ಕಣಕ್ಕಿಳಿಯಲು ಒಪ್ಪಿಸಿದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಬೀದಿ ಹೋರಾಟದಲ್ಲಿ ಪಳಗಿ ಬಂದ ಈ ವಲಸೆಗಾರ್ತಿಯ ದೊಡ್ಡ ಕೊಡುಗೆ ಒಂದು ಅರ್ಜಿಯ ಒಕ್ಕಣೆಯಲ್ಲಿದೆ ಎಂಬುದು ಈ ಲೇಖನದ ವಾದ.

ಮಾರ್ಗರೆಟ್ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ. ಓದಿದ್ದು ಸಂಗೀತ. 1908ರಲ್ಲಿ ಹಾನಾ ಶೀಹಿ ಸ್ಕೆಫಿಂಗ್ಟನ್ ಮುಂತಾದವರೊಡನೆ ಐರಿಷ್ ಮಹಿಳಾ ಮತಾಧಿಕಾರ ಲೀಗ್ ಕಟ್ಟಿದರು. 1910ರಲ್ಲಿ ಲಂಡನ್ನಿನ ಹೋರಾಟದಲ್ಲಿ ಪಾಲ್ಗೊಂಡು ಹಾಲೊವೇ ಸೆರೆಮನೆ ಕಂಡರು. 1913ರಲ್ಲಿ ಡಬ್ಲಿನ್ ಕ್ಯಾಸಲ್‌ನ ಕಿಟಕಿ ಗಾಜು ಒಡೆದು ಟಲ್ಲಮೋರ್ ಜೈಲು ಸೇರಿದಾಗ, ತಮ್ಮನ್ನು ರಾಜಕೀಯ ಕೈದಿಯೆಂದು ಪರಿಗಣಿಸಬೇಕೆಂದು ಅನ್ನ ಬಿಟ್ಟು ಕೂತರು. 1915ರಲ್ಲಿ ಪತಿ ಜೇಮ್ಸ್ ಕಸಿನ್ಸ್ ಅವರೊಡನೆ ಥಿಯಾಸಫಿಕಲ್ ಸೊಸೈಟಿಯ ಕೆಲಸಕ್ಕಾಗಿ ಭಾರತಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆಸಿದರು.

1917ರಲ್ಲಿ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಅದೇ ವರ್ಷ ಭಾರತ ಮಂತ್ರಿ ಮಾಂಟೆಗು ಆಡಳಿತ ಸುಧಾರಣೆಯ ಕುರಿತು ಅಹವಾಲು ಕೇಳಲು ಬಂದರು. ಮಹಿಳೆಯರ ನಿಯೋಗವೊಂದರ ಭೇಟಿಗೆ ಅವಕಾಶ ಕೋರಿ ಕಸಿನ್ಸ್ ಬರೆದ ಮೊದಲ ಅರ್ಜಿಯಲ್ಲಿ ಮತದಾನದ ಸೊಲ್ಲೇ ಇರಲಿಲ್ಲ. ಇದ್ದದ್ದು ಹೆಣ್ಣುಮಕ್ಕಳ ಶಿಕ್ಷಣ ಮತ್ತು ಸಾಮಾಜಿಕ ಸುಧಾರಣೆ. ರಾಜಕೀಯ ಬೇಡಿಕೆಯುಳ್ಳ ನಿಯೋಗಗಳಿಗೆ ಮಾತ್ರ ಅವಕಾಶ ಎಂಬ ಉತ್ತರ ಬಂತು. ಹಳೆಯ ಹೋರಾಟಗಾರ್ತಿಗೆ ಅಷ್ಟು ಸುಳಿವೇ ಸಾಕಾಯಿತು. ಸುಧಾರಣೆಯಲ್ಲಿ ‘ಜನ’ರಿಗೆ ಹಕ್ಕು ಕೊಡುವುದಾದರೆ ಆ ಪದದೊಳಗೆ ಮಹಿಳೆಯರೂ ಸೇರಬೇಕು, ಹೆಣ್ಣೆಂಬ ಕಾರಣಕ್ಕೆ ಅನರ್ಹತೆ ಕೂಡದು ಎಂಬ ಬೇಡಿಕೆ ಮನವಿಗೆ ಸೇರಿತು. ಶಿಕ್ಷಣ, ಆರೋಗ್ಯದ ಮಾತುಗಳೂ ಅದರಲ್ಲೇ ಉಳಿದವು. ಡಿಸೆಂಬರ್ 18ರಂದು ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದ ನಿಯೋಗ ಅದನ್ನು ಸಲ್ಲಿಸಿತು. ಬ್ರಿಟನ್ನಿನ ಮಹಿಳೆಯರಿಗೇ ಆಗಿನ್ನೂ ಸಂಸತ್ ಚುನಾವಣೆಯ ಮತ ಸಿಕ್ಕಿರಲಿಲ್ಲ.

ಮತಾಧಿಕಾರದ ವಿಚಾರಣೆಗೆಂದು ನೇಮಕಗೊಂಡ ಸೌತ್‌ಬರೋ ಸಮಿತಿ ಈ ಬೇಡಿಕೆಯನ್ನು ಒಪ್ಪಲಿಲ್ಲ. ಕೊನೆಗೆ 1919ರ ಕಾಯ್ದೆ ನಿರ್ಧಾರವನ್ನು ಪ್ರಾಂತೀಯ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮೊದಲಿಗೆ ಮದ್ರಾಸ್, ಬಳಿಕ ಬಾಂಬೆ ಒಪ್ಪಿದವು. ಆಸ್ತಿಯ ಅರ್ಹತೆ ಮಾತ್ರ ಹಾಗೇ ಉಳಿದದ್ದರಿಂದ ದುಡಿದು ಉಣ್ಣುವ ಬಹುತೇಕ ಹೆಂಗಸರು ಮತಗಟ್ಟೆಯ ಹೊರಗೇ ನಿಂತರು. ಈ ಗೆಲುವನ್ನು ಅಳೆಯುವಾಗ ಅವರನ್ನು ಮರೆಯುವುದು ಅನ್ಯಾಯವಾದೀತು.

ಮಂಗಳೂರಿನ ನಂಟು ಚುನಾವಣೆಗಿಂತ ಹಳೆಯದು. 1919-20ರಲ್ಲಿ ಅಲ್ಲಿನ ರಾಷ್ಟ್ರೀಯ ಬಾಲಕಿಯರ ಶಾಲೆಯ ಮೊದಲ ಮುಖ್ಯಸ್ಥೆ ಕಸಿನ್ಸ್. ಮತ ಹಾಕುವ ಹಕ್ಕು ಬಂದ ಮೇಲೂ ಶಾಸನಸಭೆಗೆ ನಿಲ್ಲುವ ಹಕ್ಕಿಗೆ ಮಹಿಳೆಯರು 1926ರವರೆಗೆ ಕಾಯಬೇಕಾಯಿತು. ಅದು ಸಿಕ್ಕಿದೊಡನೆ, ಸಮಯ ತೀರಾ ಕಡಿಮೆಯಿದ್ದರೂ, ಮಂಗಳೂರಿನ ಮಗಳು ಕಮಲಾದೇವಿಯವರೇ ನಿಲ್ಲಬೇಕೆಂದು ಕಸಿನ್ಸ್ ಪಟ್ಟುಹಿಡಿದರು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ರೂಪುಗೊಂಡದ್ದರ ಹಿಂದೆಯೂ ಅವರ ದುಡಿಮೆಯಿತ್ತು.

1922ರಲ್ಲಿ ಕಸಿನ್ಸ್ ಭಾರತದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಆಗಿದ್ದರು. ಹತ್ತು ವರ್ಷ ಕಳೆದು 1932ರಲ್ಲಿ, ದಮನಕಾರಿ ಶಾಸನಗಳ ವಿರುದ್ಧ ಮದ್ರಾಸಿನಲ್ಲಿ ಮಾತಾಡಿದ್ದಕ್ಕೆ ಅದೇ ಸರ್ಕಾರ ಅವರಿಗೆ ಒಂದು ವರ್ಷದ ಶಿಕ್ಷೆ ವಿಧಿಸಿ ವೆಲ್ಲೂರು ಜೈಲಿಗೆ ಕಳಿಸಿತು. ಲಂಡನ್, ಟಲ್ಲಮೋರ್, ವೆಲ್ಲೂರು: ಮೂರು ಸೆರೆವಾಸಗಳೂ ಒಂದೇ ಸಾಮ್ರಾಜ್ಯದವು. 1944ರಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅವರು 1954ರ ಮಾರ್ಚ್ 11ರಂದು ಅಡಯಾರಿನಲ್ಲಿ ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲೇ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ಮುಗಿದಿತ್ತು. ಅಲ್ಲಿ ಆಸ್ತಿಯನ್ನು ಯಾರೂ ಕೇಳಲಿಲ್ಲ. 1917ರ ಮನವಿಯಲ್ಲಿದ್ದ ‘ಜನ’ ಎಂಬ ಪದಕ್ಕೆ ಪೂರ್ತಿ ಅರ್ಥ ಬಂದದ್ದು ಆಗಲೇ.